ಆಲಿಕಲ್ಲಿನ ಸೊನ್ನೆ

ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಲವತ್ತು ನಿಮಿಷ.
ಫ್ಲಾಸ್ಕಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ.
ಪೀಣ್ಯ ಎರಡನೇ ಹಂತ ಮುಟ್ಟುವಷ್ಟರಲ್ಲಿ
ನಾನು ಹೊತ್ತು ತಂದ ಮಂಜುಗಡ್ಡೆ
ಬರೀ ನೀರು.

ನನ್ನ ಕೆಲಸ ಇಷ್ಟೇ:
ಉಷ್ಣಮಾಪಕಗಳು ಸುಳ್ಳು ಹೇಳುತ್ತಿವೆಯೋ ನೋಡುವುದು.
ಅದಕ್ಕೆ ಮೊದಲು ಒಂದು ನಿಜ ಬೇಕು,
ಕರಗುತ್ತಿರುವ ಮಂಜಿನ ಸೊನ್ನೆ.
ಅದಿಲ್ಲದೆ ಫರ್ನೇಸಿನ ಎಂಟುನೂರ ಐವತ್ತನ್ನು
ಯಾವ ಬಾಯಲ್ಲಿ ಪ್ರಶ್ನಿಸಲಿ?

“ಐಸ್ ತರಿಸ್ತೀನಿ, ಕೂತ್ಕೊಳಮ್ಮ” ಅಂದರು ಚೌರಪ್ಪ.
ಇಪ್ಪತ್ತಾರು ವರ್ಷದಿಂದ ಗೇರುಗಳನ್ನು ಕಾಯಿಸಿ
ಎಣ್ಣೆಗೆ ಅದ್ದುವವರು.
ಹುಬ್ಬು ಯಾವಾಗಲೋ ಸುಟ್ಟುಹೋಗಿ
ಮತ್ತೆ ಬರುವ ಮನಸ್ಸು ಮಾಡಿರಲಿಲ್ಲ.
ಐಸಿಗೆ ಹೋದ ಇನಾಯತ್ ಹೋದವನು ಹೋದ.

ಪಕ್ಕದ ಗ್ರೈಂಡರಿನಿಂದ ಕಿಡಿ ಹಾರುತ್ತಿತ್ತು.
ಅವರು ತೋಳು ಚಾಚಿದರು, ತುಂತುರಿಗೆ ಒಡ್ಡಿದ ಹಾಗೆ.
“ಒಂದೊಂದೂ ಸಾವಿರ ಡಿಗ್ರಿ. ನೋಡು, ಏನೂ ಆಗಲ್ಲ.
ಪೊಗರು ಜಾಸ್ತಿ, ಜೇಬಲ್ಲಿ ಕಾಸಿಲ್ಲ.”
ಆಮೇಲೆ ಎಣ್ಣೆಯ ತೊಟ್ಟಿ ತೋರಿಸಿದರು.
“ಇದು ಬರೀ ಅರವತ್ತು. ಆದ್ರೆ ಎರಡು ಸಾವಿರ ಲೀಟರು.
ಶನಿವಾರದ ಗೇರೆಲ್ಲ ಇದರ ಹೊಟ್ಟೆಗೇ.
ಭಾನುವಾರ ಪೂರ್ತಿ ಆ ಬೆಕ್ಕು
ಇದಕ್ಕೆ ಬೆನ್ನು ಕೊಟ್ಟು ಮಲಗಿರತ್ತೆ,
ಸೋಮವಾರ ನಾನು ಬಂದೇ ಎಬ್ಬಿಸಬೇಕು.”

ಪುಸ್ತಕದಲ್ಲಿ ಮೂರೂ ಒಂದೇ ಪುಟದಲ್ಲಿದ್ದವು:
ತಾಪಮಾನ, ಶಾಖ, ಉಷ್ಣಶಕ್ತಿ.
ಉರು ಹೊಡೆದು ಪಾಸಾದೆ.
ಮನೆಯಲ್ಲಿ ಅಮ್ಮನಿಗೆ ಒಂದೇ ಪದ ಸಾಕು, ಹೀಟು.
ಬಾಯಿಹುಣ್ಣೂ ಹೀಟು, ಪರಂಗಿಹಣ್ಣೂ ಹೀಟು,
ಏಪ್ರಿಲ್ಲೂ ಹೀಟು, ನನ್ನ ಸಿಟ್ಟೂ ಹೀಟು;
ಎಲ್ಲಕ್ಕೂ ನೆನೆಸಿಟ್ಟ ಕಾಮಕಸ್ತೂರಿ.

ಮೂರೂವರೆಗೆ ಕತ್ತಲಾಯಿತು.
ತಗಡಿನ ಮೇಲೆ ಒಂದು, ಆಮೇಲೆ ಹತ್ತು,
ಆಮೇಲೆ ಯಾರೋ ಲಾರಿಗಟ್ಟಲೆ ನಟ್ಟು ಸುರಿದಂತೆ.
“ಆಲಿಕಲ್ಲು!”
ಹೆಲ್ಮೆಟ್ಟು ಹಾಕಿಕೊಂಡು ಇಬ್ಬರು ಓಡಿದರು,
ಜಾಲರಿ ಬುಟ್ಟಿ ತಲೆಮೇಲಿಟ್ಟು ಚೌರಪ್ಪ,
ಊಟದ ಡಬ್ಬಿ ಹಿಡಿದು ನಾನು.

ಕಲ್ಲನ್ನು ಜಜ್ಜಿ ಫ್ಲಾಸ್ಕಿಗೆ ತುಂಬಿ
ಕಡ್ಡಿ ಇಳಿಬಿಟ್ಟೆ.
ಇಪ್ಪತ್ತೊಂಬತ್ತು. ಹನ್ನೊಂದು. ಎರಡು.
ಸೊನ್ನೆ.
ಅಲ್ಲೇ ನಿಂತಿತು.
ಹತ್ತು ಹೆಜ್ಜೆಯಾಚೆ ಫರ್ನೇಸು,
ಅದರ ಕಾವು ನನ್ನ ಕೆನ್ನೆಗೆ, ಫ್ಲಾಸ್ಕಿನ ತೆರೆದ ಬಾಯಿಗೆ
ಇಳಿಯುತ್ತಲೇ ಇದೆ, ಕಲ್ಲು ಕರಗುತ್ತಲೇ ಇದೆ,
ಅಂಕಿ ಮಾತ್ರ ಸೊನ್ನೆ.
ಬಂದದ್ದೆಲ್ಲ ಒಳಗಿನ ಗಂಟು ಬಿಚ್ಚುವುದಕ್ಕೇ ಖರ್ಚು,
ಮುಖದ ಮೇಲೆ ಏನೂ ಇಲ್ಲ.
ಇಂಥ ಹೆಂಗಸರನ್ನು ನಾನು ಬಲ್ಲೆ,
ಗಾರ್ಮೆಂಟ್ಸಿಗೆ ಹೋಗುವ ಬಸ್ಸಿನಲ್ಲಿ ದಿನಾ ಎದುರು ಕೂರುತ್ತಾರೆ.

ಚೌರಪ್ಪನ ಅಂಗೈಯಲ್ಲಿ ಒಂದು ಆಲಿಕಲ್ಲು.
“ಥಂಡಿ ಹತ್ತಲ್ವಾ?” ಅಂದೆ.
“ಥಂಡಿ ಅಂತ ಯಾವುದೂ ಬರಲ್ಲಮ್ಮ,
ನಾನು ಕೊಡ್ತಾ ಇದೀನಿ, ಅಷ್ಟೇ.
ಶಾಖ ಅಂದ್ರೆ ದಾರೀಲಿ ಇರೋದು.
ಮೆಜೆಸ್ಟಿಕ್ ಬಸ್ಸಲ್ಲಿರೋ ತನಕ ನೀನು ಪ್ಯಾಸೆಂಜರು,
ಇಳಿದ ಮೇಲೆ ಆ ಹೆಸರು ಯಾಕೆ?”

ಅವರ ಮೀಟರು ಎಂಟುನೂರ ಐವತ್ತು ಅನ್ನುತ್ತಿತ್ತು,
ನನ್ನದು ಎಂಟುನೂರ ನಲವತ್ತನಾಲ್ಕು.
ಆರು ಡಿಗ್ರಿ ಸುಳ್ಳು.
“ಗೊತ್ತು” ಅಂದರು. “ಬಣ್ಣದಲ್ಲೇ ಗೊತ್ತಾಗತ್ತೆ.
ಅದಕ್ಕೇ ಅಲ್ವಾ ಮೇಲೆರಡು ಪಾಯಿಂಟು ಹೆಚ್ಚಿಗೆ ತಿರುಗಿಸೋದು.”

ಸರ್ಟಿಫಿಕೇಟಿನಲ್ಲಿ ಅಂಕಿಗೆ ಒಂದು ಕಲಮು ಇದೆ.
ಬೆಕ್ಕಿನ ಭಾನುವಾರಕ್ಕೆ ಇಲ್ಲ.
ಒದ್ದೆ ಕೈಯಲ್ಲಿ ರುಜು ಹಾಕಿದೆ, ಶಾಯಿ ಹರಡಿತು.

ಆಗ ಬಂದ ಇನಾಯತ್,
ಹೆಗಲ ಮೇಲೆ ಸೋರುವ ಗೋಣಿಚೀಲ.
“ಲೇಟಾಯ್ತಾ?”
ಯಾರೂ ಬೈಯಲಿಲ್ಲ.
ಗೋಣಿ ಬಿಚ್ಚಿ, ಉಳಿದಿದ್ದ ಆ ತುಂಡಿನ ಮೇಲೆ
ಎಲ್ಲರೂ ಒಂದೊಂದು ಕೈ ಇಟ್ಟೆವು.